ಕತ್ತಲ ನೀರಿನಲ್ಲಿ ಬುನಾದಿ: ವಿಂಚೆಸ್ಟರ್ ಕ್ಯಾಥೆಡ್ರಲ್ ಉಳಿದ ಬಗೆ

1905ರಲ್ಲಿ ಇಂಗ್ಲೆಂಡಿನ ಹಳೆಯ ದೊಡ್ಡ ಚರ್ಚ್ ವಿಂಚೆಸ್ಟರ್ ಕ್ಯಾಥೆಡ್ರಲ್‌ನ ಪೂರ್ವ ಭಾಗ ಬೀಳುವ ಸ್ಥಿತಿಗೆ ಬಂದಿತ್ತು. ಗೋಡೆಗಳು ಹೊರಕ್ಕೆ ವಾಲಿದ್ದವು. ಮೇಲಿನಿಂದ ಕಲ್ಲಿನ ಚೂರುಗಳು ಉದುರುತ್ತಿದ್ದವು. ಬಿರುಕುಗಳು ಎಷ್ಟು ಅಗಲವಾಗಿ ಬಾಯಿ ಬಿಟ್ಟಿದ್ದವು ಅಂದರೆ, ಅದರೊಳಗೆ ಗೂಬೆಗಳು ಕೂರುತ್ತಿದ್ದವು ಅನ್ನುವ ಮಾತು ಇವತ್ತಿಗೂ ಅಲ್ಲಿ ಚಾಲ್ತಿಯಲ್ಲಿದೆ. ಆರು ವರ್ಷ ಕಳೆಯುವ ಹೊತ್ತಿಗೆ ಅದೇ ಗೋಡೆಗಳು ಗಟ್ಟಿ ನೆಲದ ಮೇಲೆ ನಿಂತಿದ್ದವು. ಒಂದು ಕಮಾನೂ ಬೀಳಲಿಲ್ಲ. ಇಡೀ ಕಟ್ಟಡವನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗಿಯೂ ಬರಲಿಲ್ಲ.

ಹಳೆಯ ಕಟ್ಟಡಗಳನ್ನು ಗಟ್ಟಿ ಮಾಡುವ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಪ್ರಕರಣವನ್ನೇ. ಆಗ ಕಂಪ್ಯೂಟರ್ ಇರಲಿಲ್ಲ, ಮಣ್ಣಿನ ಬಗ್ಗೆ ಇವತ್ತು ನಾವು ಓದುವ ಶಾಸ್ತ್ರವೂ ಇನ್ನೂ ಹುಟ್ಟಿರಲಿಲ್ಲ. ಆದರೂ ಅಲ್ಲಿ ತೆಗೆದುಕೊಂಡ ಒಂದು ನಿರ್ಧಾರ ನೂರು ವರ್ಷ ದಾಟಿದ ಮೇಲೂ ಸರಿ ಅನ್ನಿಸುತ್ತದೆ. ಆ ನಿರ್ಧಾರ ಅಂದರೆ, ನೀರನ್ನು ಹೊರಗೆ ಹಾಕುವುದನ್ನು ಬಿಟ್ಟು ನೀರಿನೊಳಗೇ ಇಳಿದು ಕೆಲಸ ಮಾಡುವುದು. ಅಲ್ಲಿಗೆ ಅವರು ಬಂದದ್ದು ಹೇಗೆ ಅನ್ನುವುದೇ ಈ ಪ್ರಕರಣದ ತಿರುಳು.

ಕಟ್ಟಡ ಮತ್ತು ಅದರ ನೆಲ

ಕ್ಯಾಥೆಡ್ರಲ್ ಕಟ್ಟಲು ಶುರು ಮಾಡಿದ್ದು 1079ರಲ್ಲಿ, ಬಿಷಪ್ ವಾಕ್‌ಲಿನ್ ಕಾಲದಲ್ಲಿ. 1093ರಲ್ಲಿ ಪ್ರತಿಷ್ಠೆ ಆಯಿತು. ಜಾಗ ಇಚೆನ್ ನದಿಯ ಕಣಿವೆ. ಸ್ವಲ್ಪ ಅಗೆದರೂ ನೀರು ಬರುವ ಜಾಗ. ನೆಲ ಹೇಗಿದೆ ಅನ್ನುವ ಮೊದಲ ಸೂಚನೆ ಬೇಗನೇ ಸಿಕ್ಕಿತು. 1107ರಲ್ಲಿ ನಡುವಿನ ಗೋಪುರ ಕುಸಿದು ಬಿತ್ತು. ಏಳು ವರ್ಷದ ಹಿಂದೆ ಸತ್ತ ಎರಡನೇ ವಿಲಿಯಂ ರಾಜನನ್ನು ಅದರ ಕೆಳಗೇ ಹೂತಿದ್ದರು. ಜನರಿಗೆ ಅವನ ಮೇಲೆ ಪ್ರೀತಿ ಇರಲಿಲ್ಲ, ಅವನ ಪಾಪಕ್ಕೇ ಗೋಪುರ ಬಿತ್ತು ಅಂದರು. ಮತ್ತೆ ಕಟ್ಟುವಾಗ ಮೇಸ್ತ್ರಿಗಳು ಕಂಬಗಳನ್ನು ತುಂಬಾ ದಪ್ಪ ಮಾಡಿದರು. ಆ ಭಾರಿ ಕಂಬಗಳು ಈಗಲೂ ಅಲ್ಲಿವೆ.

ನಮ್ಮ ಪ್ರಕರಣಕ್ಕೆ ಮುಖ್ಯವಾದದ್ದು ಅದಾದ ನೂರು ವರ್ಷದ ನಂತರ ಸೇರಿಸಿದ ಭಾಗ. 1200ರ ಆಸುಪಾಸಿನಲ್ಲಿ ಬಿಷಪ್ ಗಾಡ್‌ಫ್ರೆ ಡಿ ಲೂಸಿ ಕಟ್ಟಡವನ್ನು ಪೂರ್ವಕ್ಕೆ ಬೆಳೆಸಲು ಹೊರಟರು. ಅಲ್ಲಿನ ನೆಲ ಇನ್ನೂ ಮೆತ್ತಗಿತ್ತು. ಪಾಯಕ್ಕೆ ಅಗೆಯುತ್ತಾ ಹೋದವರಿಗೆ ಬೇಗ ನೀರು ಸಿಕ್ಕಿತು. ಇನ್ನೂ ಆಳಕ್ಕೆ ಹೋಗುವ ದಾರಿ ಅವರ ಕೈಯಲ್ಲಿರಲಿಲ್ಲ. ಹಾಗಾಗಿ ಬೀಚ್ ಮರದ ದಿಮ್ಮಿಗಳನ್ನು ಹಾಸಿ, ತೆಪ್ಪದ ಹಾಗೆ ಮಾಡಿ, ಅದರ ಮೇಲೆ ಗೋಡೆ ಎಬ್ಬಿಸಿದರು.

ಇದನ್ನು ಓದಿ ಆ ಮೇಸ್ತ್ರಿಗಳನ್ನು ದಡ್ಡರು ಅಂದುಕೊಳ್ಳಬಾರದು. ನೀರಿನಲ್ಲೇ ಸದಾ ಮುಳುಗಿರುವ ಮರ ಸುಲಭಕ್ಕೆ ಕೊಳೆಯುವುದಿಲ್ಲ. ಮರವನ್ನು ತಿನ್ನುವ ಜೀವಿಗಳಿಗೆ ಗಾಳಿ ಬೇಕು. ಒಮ್ಮೆ ನೆನೆದು ಒಮ್ಮೆ ಒಣಗುವ ಮರ ಹಾಳಾಗುತ್ತದೆ, ಮುಳುಗಿದ್ದು ಉಳಿಯುತ್ತದೆ. ತೆಪ್ಪದ ಉಪಾಯ ಏಳುನೂರು ವರ್ಷ ನಡೆಯಿತು ಅನ್ನುವುದೇ ಅದಕ್ಕೆ ಸಾಕ್ಷಿ. ತೊಂದರೆ ಇದ್ದದ್ದು ದಿಮ್ಮಿಯ ಕೆಳಗೆ. ಅಲ್ಲಿ ಪೀಟ್ ಪದರ ಇತ್ತು. ಪೀಟ್ ಅಂದರೆ ಸಾವಿರಾರು ವರ್ಷದಿಂದ ನೀರಿನಲ್ಲಿ ಅರ್ಧ ಕೊಳೆತು ಕೂತ ಗಿಡಗಂಟೆಯ ಕಪ್ಪು ಮಣ್ಣು. ಅದು ಹೆಚ್ಚುಕಮ್ಮಿ ನೆನೆದ ಸ್ಪಂಜಿನ ಹಾಗೆ. ಮೇಲೆ ಭಾರ ಇಟ್ಟರೆ ನೀರು ನಿಧಾನಕ್ಕೆ ಹಿಂಡಿ ಹೋಗುತ್ತದೆ, ಮಣ್ಣು ಕುಗ್ಗುತ್ತದೆ. ಆ ಕುಗ್ಗುವಿಕೆ ಒಂದೇ ದಿನಕ್ಕೆ ಮುಗಿಯುವುದಿಲ್ಲ, ತಲೆಮಾರುಗಳ ಕಾಲ ನಡೆಯುತ್ತಲೇ ಇರುತ್ತದೆ. ಪೀಟ್‌ನ ಕೆಳಗೆ ಮಾತ್ರ ಗಟ್ಟಿಯಾದ ಜಲ್ಲಿಕಲ್ಲಿನ ಪದರ ಇತ್ತು.

ಇಡೀ ಕಟ್ಟಡ ಒಂದೇ ಸಮ ಇಳಿದಿದ್ದರೆ ಅಷ್ಟು ಅಪಾಯ ಇರುತ್ತಿರಲಿಲ್ಲ. ಕಲ್ಲಿನ ಕಟ್ಟಡಕ್ಕೆ ಕೇಡು ಆಗುವುದು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇಳಿದಾಗ. ಇಲ್ಲಿ ಕಮಾನಿನ ಪಾತ್ರವೂ ದೊಡ್ಡದು. ಕಲ್ಲಿನ ಕಮಾನು ಭಾರವನ್ನು ನೆಟ್ಟಗೆ ಕೆಳಕ್ಕೆ ಮಾತ್ರ ಕಳಿಸುವುದಿಲ್ಲ, ಗೋಡೆಯನ್ನು ಹೊರಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಯಿಂದ ಪಾಯದ ಹೊರ ಅಂಚಿನ ಮೇಲೆ ಜಾಸ್ತಿ ಒತ್ತಡ ಬೀಳುತ್ತದೆ. ಹೊರ ಅಂಚು ಜಾಸ್ತಿ ಇಳಿಯುತ್ತದೆ, ಗೋಡೆ ಹೊರಕ್ಕೆ ವಾಲುತ್ತದೆ. ವಾಲಿದ ಮೇಲೆ ಹೊರ ಅಂಚಿಗೆ ಭಾರ ಇನ್ನೂ ಹೆಚ್ಚುತ್ತದೆ. ಅತ್ತ ಕಮಾನಿನ ಎರಡು ಕಾಲುಗಳ ನಡುವಿನ ಅಂತರ ಬೆಳೆದು ಅದರ ನೆತ್ತಿ ಬಿಚ್ಚಿಕೊಳ್ಳುತ್ತದೆ. ಇದು ತನ್ನಷ್ಟಕ್ಕೆ ನಿಲ್ಲುವ ಕಾಯಿಲೆ ಅಲ್ಲ. ಬಿರುಕಿಗೆ ಗಾರೆ ತುಂಬಿ ಸುಮ್ಮನಾದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತದೆ.

ಒಂದು ಗುಂಡಿ, ಒಂದು ಪಂಪ್

ಕ್ಯಾಥೆಡ್ರಲ್‌ನ ವಾಸ್ತುಶಿಲ್ಪಿ ಥಾಮಸ್ ಜ್ಯಾಕ್ಸನ್ ಗೋಡೆಗಳನ್ನು ನೋಡಿದ ಮೇಲೆ ಮೊದಲು ಮಾಡಿದ ಕೆಲಸ ಬಹಳ ಸಾಮಾನ್ಯದ್ದು. ಹೊರಗಿನಿಂದ ಮರದ ಊರೆ ಕೊಡಿಸಿದರು, ಒಳಗೆ ಕಮಾನುಗಳ ಕೆಳಗೆ ಸೆಂಟ್ರಿಂಗ್ ಹಾಕಿಸಿದರು. ಕಾರಣ ಗೊತ್ತಾಗುವವರೆಗೆ ಕಟ್ಟಡ ನಿಂತಿರಬೇಕಲ್ವಾ. ಆಮೇಲೆ ಗೋಡೆಯ ಪಕ್ಕದಲ್ಲಿ ಪರೀಕ್ಷೆಗೆ ಒಂದು ಗುಂಡಿ ತೋಡಿಸಿದರು. ದಿಮ್ಮಿಗಳು ಸಿಕ್ಕವು. ಅದರ ಕೆಳಗೆ ಪೀಟ್ ಸಿಕ್ಕಿತು. ಸಿವಿಲ್ ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಅವರನ್ನು ಕರೆಸಿದರು. ಅವರು ಸುರಂಗ ಕೆಲಸದಲ್ಲಿ ಪಳಗಿದವರು.

ದಾರಿ ಕಾಗದದ ಮೇಲೆ ಸರಳವಾಗಿತ್ತು. ಗೋಡೆಯ ಕೆಳಗಿನ ಪೀಟ್ ತೆಗೆದು, ಜಲ್ಲಿಕಲ್ಲಿನ ಪದರದಿಂದ ಗೋಡೆಯ ಬುಡದವರೆಗೆ ಹೊಸ ಬುನಾದಿ ಕಟ್ಟಬೇಕು. ಇದಕ್ಕೆ ಅಂಡರ್‌ಪಿನ್ನಿಂಗ್ ಅಂತಾರೆ. ನಿಂತ ಮನುಷ್ಯನ ಕಾಲ ಕೆಳಗಿನ ಚಪ್ಪಡಿಯನ್ನು ಅವನು ಅಲುಗಾಡದ ಹಾಗೆ ಬದಲಾಯಿಸುವ ಕೆಲಸ ಅದು. ಆದರೆ ಗುಂಡಿಯಲ್ಲಿ ಪೀಟ್ ಪದರವನ್ನು ತೂತು ಮಾಡಿದ ಕೂಡಲೇ ಕೆಳಗಿನ ಜಲ್ಲಿಯಿಂದ ನೀರು ಉಕ್ಕಿ ಬಂತು. ಶಕ್ತಿಯಾದ ಉಗಿ ಪಂಪ್ ಹಚ್ಚಿದರೂ ನೀರು ಬಗ್ಗಲಿಲ್ಲ.

ಇಲ್ಲಿ ಇನ್ನೂ ದೊಡ್ಡ ಪಂಪ್ ತರಿಸಬಹುದಿತ್ತು. ಬಹಳಷ್ಟು ಜನ ಹಾಗೇ ಮಾಡುತ್ತಿದ್ದರು. ಎದುರಿಗೆ ನೀರು ಕಾಣುತ್ತಿದೆ, ತೆಗೆದುಬಿಡೋಣ ಅನ್ನಿಸುವುದು ಸಹಜ. ಆದರೆ ಪಂಪ್ ಬರೀ ನೀರನ್ನಷ್ಟೇ ಎಳೆಯುವುದಿಲ್ಲ. ರಭಸದಲ್ಲಿ ಬರುವ ನೀರು ಜಲ್ಲಿಯ ಸಂದುಗಳಲ್ಲಿರುವ ಸಣ್ಣ ಮರಳನ್ನೂ ನುಣುಪು ಮಣ್ಣನ್ನೂ ಹೊತ್ತು ತರುತ್ತದೆ. ಗುಂಡಿಯಲ್ಲಿ ಬಂದ ಮಣ್ಣು ಎಲ್ಲಿಯದು? ಪಕ್ಕದ ಗೋಡೆಯ ಅಡಿಯದ್ದು. ಅಂದರೆ ಉಳಿಸಲು ಹೊರಟ ಗೋಡೆಯ ಕೆಳಗಿನ ನೆಲವನ್ನು ನಾವೇ ಟೊಳ್ಳು ಮಾಡಿದ ಹಾಗೆ. ಇನ್ನೊಂದು ಅಪಾಯವೂ ಇದೆ. ನೀರಿನ ಮಟ್ಟ ಇಳಿದರೆ, ಅಷ್ಟು ದಿನ ನೀರೇ ಹೊರುತ್ತಿದ್ದ ಪಾಲು ಭಾರ ಪೀಟ್‌ನ ಮೇಲೆ ಬೀಳುತ್ತದೆ. ಪೀಟ್ ಇನ್ನಷ್ಟು ಕುಗ್ಗುತ್ತದೆ. ಅದೂ ಆ ಒಂದು ಗುಂಡಿಯ ಹತ್ತಿರ ಮಾತ್ರವಲ್ಲ, ನೀರು ಇಳಿದ ಅಷ್ಟೂ ದೂರಕ್ಕೆ. ಮರದ ದಿಮ್ಮಿಗಳಿಗೆ ಏಳುನೂರು ವರ್ಷದ ಮೇಲೆ ಗಾಳಿ ತಾಗುತ್ತದೆ ಅನ್ನುವುದು ಬೇರೆ.

ಕಲ್ಲಿನ ಗೋಡೆ ಮುರಿಯುವ ಮುಂಚೆ ಬಿರುಕು ತೋರಿಸುತ್ತದೆ. ನೆಲ ಹಾಗೆ ಏನನ್ನೂ ತೋರಿಸುವುದಿಲ್ಲ. ನೆಲದಲ್ಲಿ ತಪ್ಪಾಗಿದೆ ಅಂತ ಗೊತ್ತಾಗುವುದು ಮೇಲಿನ ಗೋಡೆ ಕದಲಿದಾಗಲೇ. ಅಷ್ಟು ಹೊತ್ತಿಗೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿರುತ್ತದೆ. ಹಾಗಾಗಿ ಪಂಪ್ ಬಿಟ್ಟುಬಿಡುವ ತೀರ್ಮಾನ ನನಗೆ ಈ ಪ್ರಕರಣದ ಎಲ್ಲಕ್ಕಿಂತ ದೊಡ್ಡ ಕೆಲಸ ಅನ್ನಿಸುತ್ತದೆ. ಒಂದು ಗುಂಡಿಯಲ್ಲಿ ಕಂಡದ್ದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು, ಜಿದ್ದಿಗೆ ಬೀಳಲಿಲ್ಲ.

ಪೀಸಾದ ಗೋಪುರದ ಕಥೆಯನ್ನು ಪಕ್ಕದಲ್ಲಿಟ್ಟು ನೋಡಿ. 1838ರಲ್ಲಿ ಅದರ ಬುಡದ ಕೆತ್ತನೆ ಕಾಣಲಿ ಅಂತ ಸುತ್ತ ಮಣ್ಣು ಅಗೆದರು. ನೀರು ನುಗ್ಗಿತು, ಗೋಪುರ ಇನ್ನೂ ವಾಲಿತು. 1930ರ ದಶಕದಲ್ಲಿ ಬುನಾದಿ ಗಟ್ಟಿ ಮಾಡಲು ಹೋಗಿ ಸಿಮೆಂಟ್ ತುಂಬಿದರು, ಮತ್ತೆ ವಾಲಿತು. ಎರಡೂ ಸಲ ಉದ್ದೇಶ ಒಳ್ಳೆಯದೇ. ಮೆತ್ತನೆ ನೆಲದ ಮೇಲೆ ನಿಂತ ಭಾರವಾದ ಹಳೆ ಕಟ್ಟಡದ ಪಕ್ಕದಲ್ಲಿ ಮಣ್ಣನ್ನೋ ನೀರನ್ನೋ ಮುಟ್ಟುವ ಮುಂಚೆ ಹತ್ತು ಸಲ ಯೋಚಿಸಬೇಕು ಅನ್ನುವುದು ಅಂಥ ಪೆಟ್ಟು ತಿಂದೇ ಗೊತ್ತಾಗಿದ್ದು.

ನೀರಿಗೆ ಇಳಿದ ಮನುಷ್ಯ

ಫಾಕ್ಸ್ ಸೂಚಿಸಿದ ದಾರಿ ಹೀಗಿತ್ತು. ಗುಂಡಿಯಲ್ಲಿ ನೀರು ಇರಲಿ. ಒಳಗಿನ ನೀರು, ಹೊರಗಿನ ನೀರು ಒಂದೇ ಮಟ್ಟದಲ್ಲಿದ್ದರೆ ಮಣ್ಣು ಕದಲುವುದಿಲ್ಲ. ಆ ನೀರಿನೊಳಗೆ ಡೈವರ್ ಇಳಿಯಲಿ. ಪೀಟ್ ತೆಗೆಯಲಿ, ಜಲ್ಲಿಯ ಮೇಲೆ ಕಾಂಕ್ರೀಟ್ ಮೂಟೆಗಳನ್ನು ಹಾಸಿ ತಳವನ್ನು ಮುಚ್ಚಲಿ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೆಳಗಿನಿಂದ ನೀರು ಬರುವ ದಾರಿ ಬಂದ್ ಆಗುತ್ತದೆ. ಆಗ ಆ ಒಂದು ಗುಂಡಿಯ ನೀರನ್ನು ಹೊರಗೆ ಹಾಕಿದರೆ ಏನೂ ಆಗುವುದಿಲ್ಲ. ಅಲ್ಲಿಂದ ಮೇಲಕ್ಕೆ ಗಾರೆ ಕೆಲಸದವರು ಒಣ ಜಾಗದಲ್ಲೇ ಕಟ್ಟಿಕೊಂಡು ಬರಬಹುದು.

ಆ ಕೆಲಸಕ್ಕೆ ಬಂದವರು ವಿಲಿಯಂ ವಾಕರ್. ಸೀಬ್ ಗೋರ್ಮನ್ ಅನ್ನುವ, ಡೈವಿಂಗ್ ಸಲಕರಣೆ ಮಾಡುವ ಕಂಪನಿಯ ಅನುಭವಿ ಡೈವರ್. 1906ರಲ್ಲಿ ಇಳಿದವರು 1911ರವರೆಗೆ ಇಳಿಯುತ್ತಲೇ ಇದ್ದರು. ದಿನಕ್ಕೆ ಆರು ಗಂಟೆ ನೀರಿನಲ್ಲಿ.

ಆ ಆರು ಗಂಟೆಯನ್ನು ಒಂದಿಷ್ಟು ಹತ್ತಿರದಿಂದ ನೋಡಬೇಕು. ಮೈಮೇಲಿನ ಉಡುಪಿನ ತೂಕವೇ ಸುಮಾರು 90 ಕಿಲೋ. ದಪ್ಪ ಬಟ್ಟೆಯ ಸೂಟು, ಲೋಹದ ಹೆಲ್ಮೆಟ್, ಸೀಸದ ತೂಕ, ಸೀಸದ ತಳದ ಬೂಟು. ಮೇಲೆ ನಿಂತವರು ಕೈಪಂಪಿನಿಂದ ಗಾಳಿ ಕಳಿಸುತ್ತಿರಬೇಕು. ಗುಂಡಿ ಇಕ್ಕಟ್ಟು. ಆಳ ಸುಮಾರು ಆರು ಮೀಟರ್. ಪೀಟ್ ಕಲಕಿ ನೀರು ಕಪ್ಪಾಗಿರುತ್ತದೆ. ದೀಪ ಹಿಡಿದರೂ ಪ್ರಯೋಜನ ಇಲ್ಲ, ಏನೂ ಕಾಣುವುದಿಲ್ಲ. ಐದು ವರ್ಷ ವಾಕರ್ ಮಾಡಿದ್ದೆಲ್ಲ ಕೈಯಿಂದ ತಡವಿ ನೋಡಿ ಮಾಡಿದ ಕೆಲಸ. ಬೆರಳಿಗೆ ಮೆತ್ತಗೆ ಸಿಕ್ಕರೆ ಇನ್ನೂ ಪೀಟ್ ಇದೆ, ಗರಗರ ಅಂದರೆ ಜಲ್ಲಿ ಬಂತು. ಮೇಲಿನಿಂದ ಇಳಿಬಿಟ್ಟ ಕಾಂಕ್ರೀಟ್ ಮೂಟೆಯನ್ನು ಕತ್ತಲಲ್ಲೇ ಹಿಡಿದು, ಜಾಗಕ್ಕೆ ಕೂರಿಸಿ, ಅದನ್ನು ಸೀಳಬೇಕು. ಸೀಳಿದರೆ ಒಳಗಿನ ಕಾಂಕ್ರೀಟ್ ಹರಡಿ ಪಕ್ಕದ ಮೂಟೆಯ ಜೊತೆ ಬೆಸೆಯುತ್ತದೆ. ಒಂದು ಸಾಲು ಆದ ಮೇಲೆ ಅದರ ಮೇಲೆ ಇನ್ನೊಂದು ಸಾಲು.

ತಲೆಯ ಮೇಲೆ ಏಳುನೂರು ವರ್ಷದ ಬಿರುಕು ಬಿಟ್ಟ ಗೋಡೆ. ಸುತ್ತ ತಲೆತಲಾಂತರದಿಂದ ಹೆಣ ಹೂತ ನೆಲ. ಊಟದ ಹೊತ್ತಿಗೆ ಮೇಲೆ ಬಂದರೂ ವಾಕರ್ ಪೂರ್ತಿ ಉಡುಪು ಬಿಚ್ಚುತ್ತಿರಲಿಲ್ಲ. ಬಿಚ್ಚಿ ಮತ್ತೆ ತೊಡುವುದಕ್ಕೆ ಅಷ್ಟು ಹೊತ್ತು ಬೇಕಿತ್ತು. ಹೆಲ್ಮೆಟ್ ಮಾತ್ರ ತೆಗೆದು ಊಟ ಮಾಡಿ, ಪೈಪ್ ಸೇದಿ, ಮತ್ತೆ ಇಳಿಯುತ್ತಿದ್ದರು. ವಾರದ ಕೊನೆಗೆ ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿದ್ದ ಮನೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರಂತೆ. ಹೋಗಿಬರಲು ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ.

ಒಂದೊಂದೇ ಗುಂಡಿ ಯಾಕೆ

ದಕ್ಷಿಣ ಮತ್ತು ಪೂರ್ವದ ಗೋಡೆಗಳ ಉದ್ದಕ್ಕೂ ಹೀಗೆ ಸುಮಾರು 235 ಗುಂಡಿ ಆಯಿತು. ಒಂದೇ ಸಲ ಉದ್ದ ಕಾಲುವೆ ತೋಡಿ ಮುಗಿಸಬಹುದಿತ್ತಲ್ವಾ ಅಂತ ಯಾರಿಗಾದರೂ ಅನ್ನಿಸಬಹುದು. ತೋಡಿದರೆ ಗೋಡೆ ಬೀಳುತ್ತಿತ್ತು.

ಕಲ್ಲಿನ ಗೋಡೆಗೆ ಒಂದು ಒಳ್ಳೆಯ ಗುಣ ಇದೆ. ಅದರ ಬುಡದಲ್ಲಿ ಚಿಕ್ಕದೊಂದು ಕಿಂಡಿ ಮಾಡಿದರೆ, ಮೇಲಿನ ಭಾರ ಆ ಕಿಂಡಿಯ ಮೇಲೆ ತಾನೇ ಒಂದು ಕಮಾನು ಮಾಡಿಕೊಂಡು ಎರಡೂ ಪಕ್ಕಕ್ಕೆ ಇಳಿಯುತ್ತದೆ. ಕಿಂಡಿ ಚಿಕ್ಕದಿರುವವರೆಗೆ ಮಾತ್ರ ಈ ಆಟ ನಡೆಯುತ್ತದೆ. ಹಾಗಾಗಿ ಅಂಡರ್‌ಪಿನ್ನಿಂಗ್‌ನಲ್ಲಿ ಗೋಡೆಯ ಉದ್ದವನ್ನು ಸಣ್ಣ ತುಂಡುಗಳಾಗಿ ಹಂಚಿಕೊಳ್ಳುತ್ತಾರೆ. ಒಂದು ತುಂಡು ತೆರೆದರೆ ಅದರ ಪಕ್ಕದ್ದನ್ನು ಮುಟ್ಟುವುದಿಲ್ಲ, ದೂರದ್ದಕ್ಕೆ ಹೋಗುತ್ತಾರೆ. ಮೊದಲನೆಯದು ಪೂರ್ತಿ ಕಟ್ಟಿ, ಗಟ್ಟಿಯಾಗಿ, ಭಾರ ಹೊರಲು ಶುರು ಮಾಡಿದ ಮೇಲೆ ಪಕ್ಕದ ಸರದಿ. ಹೊಸ ಬುನಾದಿ ಹಳೆ ಗೋಡೆಯ ಬುಡವನ್ನು ಮುಟ್ಟುವ ಜಾಗ ಎಲ್ಲಕ್ಕಿಂತ ಸೂಕ್ಷ್ಮ. ಅಲ್ಲಿ ಬೆರಳಷ್ಟು ಸಂದು ಉಳಿದರೂ ಗೋಡೆ ಅಷ್ಟು ಇಳಿದು ಆಮೇಲೆ ನಿಲ್ಲುತ್ತದೆ, ಮತ್ತೆ ಬಿರುಕು. ಆ ಕೊನೆಯ ಸಂದನ್ನು ಬಿಗಿಯಾಗಿ ತುಂಬುವವರೆಗೆ ಕೆಳಗೆ ಮಾಡಿದ ಕೆಲಸ ಇದ್ದೂ ಇಲ್ಲದ ಹಾಗೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಸುಲಭದ ಪ್ರಶ್ನೆ ಅಲ್ಲ. ಕಟ್ಟಡದ ಅರ್ಧ ಭಾಗ ಜಲ್ಲಿಯ ಮೇಲೆ ನಿಂತು, ಇನ್ನರ್ಧ ಪೀಟ್ ಮೇಲೆಯೇ ಉಳಿದರೆ, ಇಳಿಯುವ ಅರ್ಧ ನಿಂತ ಅರ್ಧದಿಂದ ಹರಿದುಕೊಳ್ಳುತ್ತದೆ. ಬುನಾದಿ ಗಟ್ಟಿ ಮಾಡುವವರು ಎಷ್ಟೋ ಸಲ ಎಡವುವುದು ಇಲ್ಲೇ. ಬಿರುಕು ಇದ್ದ ಮೂಲೆಯನ್ನಷ್ಟೇ ಸರಿ ಮಾಡಿ, ಬಿರುಕನ್ನು ಹತ್ತು ಹೆಜ್ಜೆ ಆಚೆ ಕಳಿಸಿಬಿಡುತ್ತಾರೆ.

ಲೆಕ್ಕ ನೋಡಿದರೆ ಕೆಲಸದ ಗಾತ್ರ ಗೊತ್ತಾಗುತ್ತದೆ. ಸುಮಾರು 25,800 ಮೂಟೆ ಕಾಂಕ್ರೀಟ್, 1,14,900 ಕಾಂಕ್ರೀಟ್ ಬ್ಲಾಕು, 9 ಲಕ್ಷ ಇಟ್ಟಿಗೆ. ಒಂದು ಗುಂಡಿಗೆ ಸರಾಸರಿ 110 ಮೂಟೆ. ಖರ್ಚು ಸುಮಾರು 1,13,000 ಪೌಂಡ್. ವಾಕರ್ ಹೆಸರು ಎಲ್ಲರಿಗೂ ನೆನಪಿದೆ, ಇರಲೂಬೇಕು. ಆದರೆ ಅವರು ತಳ ಮುಚ್ಚಿದ ಮೇಲೆ ಗುಂಡಿಗೆ ಇಳಿದು ಬ್ಲಾಕು, ಇಟ್ಟಿಗೆ ಕಟ್ಟಿದ ಕೆಲಸಗಾರರು ನೂರಕ್ಕೂ ಮಿಕ್ಕಿದ್ದರು. ಅವರಲ್ಲಿ ಹೆಚ್ಚಿನವರ ಹೆಸರು ನಮಗೆ ತಲುಪಿಲ್ಲ.

ಗೋಡೆಯ ಹೊಟ್ಟೆ

ಕೆಳಗಿನ ಕೆಲಸದ ಜೊತೆಗೆ ಮೇಲೂ ಕೆಲಸ ನಡೆಯಿತು. ಮಧ್ಯಯುಗದ ದಪ್ಪ ಗೋಡೆ ಹೊರಗಿನಿಂದ ಒಂದೇ ಗಟ್ಟಿ ಕಲ್ಲಿನ ಹಾಗೆ ಕಾಣುತ್ತದೆ. ಒಳಗೆ ಹಾಗಿರುವುದಿಲ್ಲ. ಒಳಮುಖ, ಹೊರಮುಖ ಎರಡಕ್ಕೂ ಕೆತ್ತಿದ ಕಲ್ಲು. ನಡುವಿನ ಹೊಟ್ಟೆಗೆ ಒಡೆದ ಕಲ್ಲು, ಚೂರುಪಾರು, ಸುಣ್ಣದ ಗಾರೆ. ಗೋಡೆ ವಾಲಿ ಬಿರಿದಾಗ ಈ ಹೊಟ್ಟೆ ಸಡಿಲವಾಗುತ್ತದೆ, ಗಾರೆ ಪುಡಿಯಾಗುತ್ತದೆ. ಆಮೇಲೆ ಎರಡು ಮುಖಗಳೂ ಬೇರೆ ಬೇರೆ ತೆಳು ಗೋಡೆಗಳ ಹಾಗೆ ವರ್ತಿಸುತ್ತವೆ.

ಅದಕ್ಕೆ ಮಾಡಿದ್ದು ಗ್ರೌಟಿಂಗ್. ಗ್ರೇಟ್‌ಹೆಡ್ ಯಂತ್ರ ಬಳಸಿದರು, ಸುರಂಗ ಕೆಲಸಕ್ಕೆ ಅಂತ ಹುಟ್ಟಿದ್ದು ಅದು. ಮೊದಲು ಒತ್ತಡದ ಗಾಳಿಯಿಂದ ಬಿರುಕಿನ ಧೂಳು ಊದಿ ತೆಗೆಯಬೇಕು. ಆಮೇಲೆ ನೀರು ಬಿಟ್ಟು ತೊಳೆಯಬೇಕು. ತೊಳೆಯದೆ ತುಂಬಿದರೆ ಸಿಮೆಂಟ್ ಕಲ್ಲಿಗೆ ಹಿಡಿಯುವುದಿಲ್ಲ, ಧೂಳಿಗೆ ಹಿಡಿಯುತ್ತದೆ. ಕೊನೆಗೆ ತೆಳ್ಳಗೆ ಕಲಸಿದ ಸಿಮೆಂಟ್ ಹಾಲನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತಾ ಬರಬೇಕು. ಬಿಚ್ಚಿಕೊಂಡ ಗೋಡೆಗಳನ್ನು ಹಿಡಿದಿಡಲು ಟೈ ರಾಡ್‌ಗಳನ್ನೂ ಹಾಕಿದರು.

ಈ ಕೆಲಸ ನಡೆಯುತ್ತಿರುವಾಗ ನೇವ್ ಅಂತ ಕರೆಯುವ ಉದ್ದನೆಯ ಮುಖ್ಯ ಭಾಗದ ದಕ್ಷಿಣ ಗೋಡೆಯೂ ಹೊರಕ್ಕೆ ಹೋಗುತ್ತಿದೆ ಅನ್ನುವುದು ಕಣ್ಣಿಗೆ ಬಿತ್ತು. ಇದರ ಕಾರಣ ಕೇಳಿದರೆ ಸಂಕಟ ಆಗುತ್ತದೆ. ಆ ಗೋಡೆಗೆ ಒತ್ತಿಕೊಂಡು ಹಿಂದೆ ಸನ್ಯಾಸಿಗಳ ಪಡಸಾಲೆ ಇತ್ತು. 16ನೇ ಶತಮಾನದಲ್ಲಿ ಅದನ್ನು ಕೆಡವಿಸಿದರು. ಬಳಕೆಯಲ್ಲಿಲ್ಲದ ಕಟ್ಟಡ ಅನ್ನಿಸಿರಬೇಕು. ಆದರೆ ಆ ಪಡಸಾಲೆ ಸುಮ್ನೆ ನಿಂತಿರಲಿಲ್ಲ. ನೇವ್‌ನ ಗೋಡೆಗೆ ಹೆಗಲು ಕೊಟ್ಟು ನಿಂತಿತ್ತು. ಹೆಗಲು ತೆಗೆದ ಮೇಲೆ ಗೋಡೆ ಮುನ್ನೂರು ವರ್ಷ ತಡೆದುಕೊಂಡು ನಿಧಾನವಾಗಿ ಹೊರಳುತ್ತಾ ಬಂತು. ಅದಕ್ಕೆ ಜ್ಯಾಕ್ಸನ್ ದಕ್ಷಿಣಕ್ಕೆ ಕಮಾನಿನ ಆನಿಕೆಗಳ ಒಂದು ಸಾಲನ್ನೇ ಕಟ್ಟಿಸಿದರು. ಫ್ಲೈಯಿಂಗ್ ಬಟ್ರೆಸ್ ಅಂತಾರಲ್ಲ, ಅವು. ಗೋಡೆಯ ತಳ್ಳನ್ನು ತಮ್ಮ ಮೈಮೇಲೆ ತೆಗೆದುಕೊಂಡು ನೆಲಕ್ಕೆ ಇಳಿಸುತ್ತವೆ. ಅಲ್ಲಿಗೆ ಹೋದವರಿಗೆ ಅವು ಮೊದಲಿನಿಂದಲೂ ಇದ್ದವು ಅನ್ನಿಸಬಹುದು, ಆದರೆ ಅವಕ್ಕೆ ಇನ್ನೂ ನೂರಿಪ್ಪತ್ತು ವರ್ಷವೂ ತುಂಬಿಲ್ಲ.

ಯಾವುದೇ ಹಳೆ ಕಟ್ಟಡವನ್ನು ನೋಡಲು ಹೋದಾಗ ನಾನು ಈ ಪಡಸಾಲೆಯನ್ನು ನೆನೆಸಿಕೊಳ್ಳುತ್ತೇನೆ. ಇರುವ ಬಿರುಕಿನ ಫೋಟೋ ತೆಗೆಯುವುದಕ್ಕಿಂತ ಮೊದಲು ಇಲ್ಲಿ ಹಿಂದೆ ಏನಿತ್ತು, ಏನು ತೆಗೆದರು, ಏನು ಸೇರಿಸಿದರು ಅಂತ ಕೇಳಬೇಕು. ಸ್ಮಾರಕಗಳ ರಕ್ಷಣೆಗಾಗಿ ಇರುವ ಅಂತಾರಾಷ್ಟ್ರೀಯ ಸಂಸ್ಥೆ ಇಕೊಮೊಸ್ 2003ರಲ್ಲಿ ಒಪ್ಪಿಕೊಂಡ ತತ್ವಗಳು ಇದನ್ನು ವೈದ್ಯರ ಭಾಷೆಯಲ್ಲೇ ಹೇಳುತ್ತವೆ. ಮೊದಲು ರೋಗಿಯ ಹಿಂದಿನ ಕಥೆ ಕೇಳುವುದು, ಆಮೇಲೆ ಕಾಯಿಲೆ ಗುರುತಿಸುವುದು, ಆಮೇಲೆ ಮದ್ದು, ಕೊನೆಗೆ ಮದ್ದು ನಾಟಿತೋ ಇಲ್ಲವೋ ಅಂತ ನೋಡುತ್ತಿರುವುದು. ಸುರಕ್ಷತೆಗೆ ಬೇಕಾದಷ್ಟೇ ಕೈ ಹಾಕಬೇಕು, ಅದಕ್ಕಿಂತ ಜಾಸ್ತಿ ಬೇಡ ಅನ್ನುವುದೂ ಅದರಲ್ಲಿದೆ.

ಇವತ್ತಿನ ಕಣ್ಣಿನಲ್ಲಿ

ಈಗ ಇದೇ ಕೆಲಸ ಬಂದರೆ ಎಲ್ಲವನ್ನೂ ಹಾಗೇ ಮಾಡುತ್ತಾರಾ? ಇಲ್ಲ. ಮುಖ್ಯವಾಗಿ ಗೋಡೆಯೊಳಗೆ ತುಂಬುವ ಸಿಮೆಂಟ್ ಬಗ್ಗೆ ನನಗೂ ತಕರಾರಿದೆ. ಸುಣ್ಣದ ಗಾರೆಯ ಹಳೆ ಗೋಡೆ ಸ್ವಲ್ಪ ಬಾಗುತ್ತದೆ, ತೇವ ಹೀರಿ ಬಿಡುತ್ತದೆ. ಸಿಮೆಂಟ್ ಅದಕ್ಕಿಂತ ಗಡುಸು. ಗೋಡೆ ಕದಲಿದಾಗ ಅದು ಬಾಗುವುದಿಲ್ಲ, ಪಕ್ಕದ ಮೆತ್ತನೆ ಕಲ್ಲು ಒಡೆಯುತ್ತದೆ. ತೇವಕ್ಕೂ ಅಡ್ಡ ನಿಲ್ಲುತ್ತದೆ, ಅದರಲ್ಲಿನ ಉಪ್ಪು ಕಲ್ಲಿನ ಮುಖಕ್ಕೆ ಬಂದು ಪದರ ಎಬ್ಬಿಸುತ್ತದೆ. ಒಮ್ಮೆ ಗೋಡೆಯ ಹೊಟ್ಟೆಗೆ ಹೋದ ಸಿಮೆಂಟನ್ನು ಹೊರಗೆ ತೆಗೆಯುವ ದಾರಿಯೂ ಇಲ್ಲ. ಅದಕ್ಕೇ ಇವತ್ತು ಹಳೆ ಗೋಡೆಗೆ ಹೊಂದುವ ಸುಣ್ಣದ ಗ್ರೌಟ್ ಕಡೆಗೆ ಒಲವು ಹೆಚ್ಚು. ಆದರೆ 1906ರಲ್ಲಿ ನೀರಿನಲ್ಲೂ ಗಟ್ಟಿಯಾಗುವ ಸಿಮೆಂಟೇ ಅವರ ಕೈಯಲ್ಲಿದ್ದ ಅತ್ಯುತ್ತಮ ಸಾಮಾನು. ಕೆಳಗಿನ ಬುನಾದಿಗೆ ಇವತ್ತೂ ಬೇರೆ ಏನನ್ನೋ ಬಳಸುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ಮಣ್ಣಿನಲ್ಲಿ ಸಿಗುವ ಚರಿತ್ರೆ ಇನ್ನೊಂದು ವಿಷಯ. ಆ 235 ಗುಂಡಿಗಳು ಶತಮಾನಗಳ ಪದರಗಳನ್ನು ಸೀಳಿಕೊಂಡು ಹೋದವು. ಇಂಗ್ಲೆಂಡಿನದೇ ಇನ್ನೊಂದು ದೊಡ್ಡ ಚರ್ಚ್ ಯಾರ್ಕ್ ಮಿನ್‌ಸ್ಟರ್‌ನಲ್ಲಿ 1967ರಿಂದ 1972ರವರೆಗೆ ನಡುಗೋಪುರದ ಬುನಾದಿ ಅಗಲ ಮಾಡುವಾಗ ಎಂಜಿನಿಯರುಗಳ ಜೊತೆಜೊತೆಗೇ ಪುರಾತತ್ವದವರೂ ಕೆಲಸ ಮಾಡಿದರು. ರೋಮನ್ನರ ಕೋಟೆಯ ಅವಶೇಷಗಳು ಅಲ್ಲೇ ಸಿಕ್ಕವು. ಬುನಾದಿ ಕೆಲಸ ಅಂದರೆ ಅಗೆತ. ಅಗೆದದ್ದನ್ನು ಮತ್ತೆ ಮೊದಲಿನ ಹಾಗೆ ಜೋಡಿಸಲು ಆಗುವುದಿಲ್ಲ. ಅದಕ್ಕೆ ಜೊತೆಯಲ್ಲಿ ನೋಡುವ ಕಣ್ಣು ಬೇಕೇ ಬೇಕು.

ಅಳತೆಯ ವಿಷಯದಲ್ಲಿ ಇವತ್ತಿನವರು ಬಹಳ ಮುಂದಿದ್ದಾರೆ. ಪೀಸಾದಲ್ಲಿ 1999ರಿಂದ 2001ರವರೆಗೆ ಗೋಪುರ ವಾಲಿದ ದಿಕ್ಕಿಗೆ ಎದುರಿನ, ಎತ್ತರದ ಕಡೆಯ ಬುಡದಿಂದ ಸುಮಾರು 38 ಘನ ಮೀಟರ್ ಮಣ್ಣನ್ನು ಕೊರೆದು ತೆಗೆದರು. ಅದೂ ಚಿಟಿಕೆ ಚಿಟಿಕೆಯಾಗಿ. ಪ್ರತಿ ಸಲ ಗೋಪುರ ಏನು ಹೇಳುತ್ತದೆ ಅಂತ ಕಾದು ನೋಡಿ ಮುಂದಿನ ಹೆಜ್ಜೆ. ಕೊನೆಗೆ ತುದಿ 40 ಸೆಂಟಿಮೀಟರಿಗೂ ಹೆಚ್ಚು ಹಿಂದಕ್ಕೆ ಬಂತು. ಸಲಕರಣೆ ಬೇರೆ, ದೇಶ ಬೇರೆ, ಕಾಲ ಬೇರೆ. ಆದರೂ ನನಗೆ ಅದರಲ್ಲಿ ವಿಂಚೆಸ್ಟರ್‌ನ ಗುಂಡಿಗಳೇ ಕಾಣುತ್ತವೆ. ಕಟ್ಟಡಕ್ಕೆ ಗಾಬರಿ ಆಗದಷ್ಟು ಸಣ್ಣ ಹೆಜ್ಜೆ, ನಡುವೆ ಕಾಯುವುದು, ಮತ್ತೆ ಸಣ್ಣ ಹೆಜ್ಜೆ.

ಆಮೇಲೆ

1912ರ ಜುಲೈ 15ರಂದು ಕೆಲಸ ಮುಗಿದದ್ದಕ್ಕೆ ಕ್ಯಾಥೆಡ್ರಲ್‌ನಲ್ಲಿ ಕೃತಜ್ಞತೆಯ ಪ್ರಾರ್ಥನೆ ನಡೆಯಿತು. ಐದನೇ ಜಾರ್ಜ್ ದೊರೆ ಬಂದಿದ್ದರು. ವಾಕರ್‌ಗೆ ರಾಯಲ್ ವಿಕ್ಟೋರಿಯನ್ ಆರ್ಡರ್ ಗೌರವ ಸಿಕ್ಕಿತು. 1918ರಲ್ಲಿ ಸ್ಪ್ಯಾನಿಷ್ ಫ್ಲೂ ಬಂದಾಗ ಅವರು ತೀರಿಕೊಂಡರು. ಐವತ್ತು ವರ್ಷವೂ ತುಂಬಿರಲಿಲ್ಲ.

1964ರಲ್ಲಿ ಅವರ ನೆನಪಿಗೆ ಕ್ಯಾಥೆಡ್ರಲ್‌ನಲ್ಲಿ ಒಂದು ಪುಟ್ಟ ಪ್ರತಿಮೆ ಇಟ್ಟರು. ಶಿಲ್ಪಿಯ ಮುಂದೆ ಇದ್ದದ್ದು ಒಂದು ಹಳೆ ಗುಂಪು ಫೋಟೋ. ಅದರಲ್ಲಿ ಯಾರು ಯಾರು ಅನ್ನುವುದು ಅದಲುಬದಲಾಗಿ, ಡೈವರ್‌ನ ಮೈಗೆ ಎಂಜಿನಿಯರ್ ಫಾಕ್ಸ್ ಮುಖ ಬಂತು. ವಾಕರ್ ಮನೆಯವರಿಗೆ ಅದನ್ನು ನೋಡಿ ಎಷ್ಟು ನೋವಾಗಿರಬೇಕು. ಐದು ವರ್ಷ ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ದುಡಿದ ಮನುಷ್ಯ. ಅವರ ಮುಖ ಸರಿಯಾಗಿರುವ ಪ್ರತಿಮೆ ಅಲ್ಲಿಗೆ ಬಂದದ್ದು 2001ರಲ್ಲಿ.

ನೀರು ಎಲ್ಲಿಗೂ ಹೋಗಿಲ್ಲ. ಮಳೆ ಹೆಚ್ಚಾದ ಚಳಿಗಾಲದಲ್ಲಿ ಕ್ಯಾಥೆಡ್ರಲ್‌ನ ನೆಲಮಾಳಿಗೆಗೆ ಈಗಲೂ ನೀರು ಬರುತ್ತದೆ. ಅಲ್ಲಿ ಶಿಲ್ಪಿ ಆಂಟನಿ ಗೋರ್ಮ್ಲಿ ಮಾಡಿದ ಒಬ್ಬ ಮನುಷ್ಯನ ಪ್ರತಿಮೆ ಇದೆ, ಬೊಗಸೆ ಹಿಡಿದು ಅದರೊಳಗೇ ನೋಡುತ್ತಾ ನಿಂತಿದೆ. ನೀರು ಏರಿದಾಗ ಅದು ಕಾಲು ಮುಳುಗಿಸಿಕೊಂಡು ಹಾಗೇ ನಿಂತಿರುತ್ತದೆ. ಬೇಸಿಗೆ ಬಂದಾಗ ನೀರು ತಾನಾಗಿ ಇಳಿದು ಹೋಗುತ್ತದೆ.